ಹೆಬ್ಬೆಟ್ಟಿನ ಒಪ್ಪಿಗೆ, ಸರ್ಟಿಫಿಕೇಟಿನ ನೀತಿ

ಕಳೆದ ತಿಂಗಳು ನಮ್ಮ ಜಿಲ್ಲಾ ಕೇಂದ್ರದ ಕಾಲೇಜೊಂದರಲ್ಲಿ ಎರಡು ದಿನಗಳ ಶಿಬಿರವೊಂದು ಜರುಗಿತು. 'ಸಂಶೋಧನೆಯಲ್ಲಿ ನೀತಿ' ಎಂದು ಅದರ ಹೆಸರು. ವಿಜ್ಞಾನಿಗಳಾಗಲು ಹೊರಟಿರುವ ಹುಡುಗ ಹುಡುಗಿಯರಿಗೆ ನೀತಿ ಕಲಿಸುವುದು ಅದರ ಉದ್ದೇಶ. ಅಲ್ಲಿ ಪಿಎಚ್.ಡಿ.ಗೆ ಓದುತ್ತಿರುವ ನಮ್ಮ ಯುವಜನ ಸಭೆಯ ಗೆಳೆಯನೊಬ್ಬ 'ಮೇಷ್ಟ್ರೇ, ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಬನ್ನಿ' ಎಂದು ಕರೆದೊಯ್ದ. ಮೆಟ್ರಿಕ್ ದಾಟಿ ಮುಂದೆ ಓದದ ನನಗೆ ಅಲ್ಲೇನು ಕೆಲಸ ಎಂದು ಕೇಳುವವರು ಕೇಳಲಿ. ನೀತಿ ಎಂಬುದು ಎಂ.ಎಸ್‌ಸಿ. ಆದವರ ಪಿತ್ರಾರ್ಜಿತ ಆಸ್ತಿಯಲ್ಲವಲ್ಲ. ಹೋದೆ.

ದೀಪ ಬೆಳಗಿದ್ದಾಯಿತು, ಶಾಲು ಹೊದೆಸಿದ್ದಾಯಿತು. ಹುಡುಗರಿಗೆ ಮಾರ್ಗದರ್ಶಕರಾದ ಪ್ರೊಫೆಸರ್ ಮಹಾಶಯರು ಮೊದಲ ಸಾಲಿನಲ್ಲಿ ಕುಳಿತು ಫೋಟೋ ತೆಗೆಸಿಕೊಂಡರು; ಉಪ್ಪಿಟ್ಟು ಕಾಫಿ ಮುಗಿಸಿ ತಂತಮ್ಮ ಕೆಲಸಗಳಿಗೆ ತೆರಳಿದರು. ಆಮೇಲೆ ಉಳಿದದ್ದು ವಿದ್ಯಾರ್ಥಿಗಳು, ಮತ್ತು ಗೋಡೆಯ ಮೇಲಿನ ಪರದೆ. ಪರದೆಯ ಮೇಲೆ ಒಂದಾದ ಮೇಲೊಂದು ವ್ಯಾಖ್ಯೆ ಮೂಡುತ್ತಿತ್ತು: ಇಲ್ಲದ ಅಂಕಿಯನ್ನು ಹುಟ್ಟಿಸುವುದಕ್ಕೆ ಏನೆನ್ನುತ್ತಾರೆ, ಇದ್ದ ಅಂಕಿಯನ್ನು ತಿದ್ದುವುದಕ್ಕೆ ಏನೆನ್ನುತ್ತಾರೆ, ಪರರ ಬರಹ ಕದಿಯುವುದಕ್ಕೆ ಏನೆನ್ನುತ್ತಾರೆ. ಎರಡನೆಯ ದಿನ ಮಧ್ಯಾಹ್ನ ಮೊಬೈಲಿನಲ್ಲೇ ಪರೀಕ್ಷೆ. ಪಾಸಾದವರಿಗೆ ಬಣ್ಣದ ಸರ್ಟಿಫಿಕೇಟು. ನನ್ನ ಮುಂದಿನ ಬೆಂಚಿನವರು ಒಬ್ಬರ ಉತ್ತರವನ್ನು ಇನ್ನೊಬ್ಬರು ನೋಡಿಕೊಂಡು ಗುರುತು ಒತ್ತುತ್ತಿದ್ದರು. ನೀತಿಯ ಪರೀಕ್ಷೆಯಲ್ಲಿ ನಕಲು! ಆದರೂ ಆ ಹುಡುಗರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಮೇಲಿನವರು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರೋ ಅವರೂ ಅಷ್ಟೇ ಗಂಭೀರವಾಗಿ ತೆಗೆದುಕೊಂಡಿದ್ದರು.

ಇದು ಒಂದು ಕಾಲೇಜಿನ ಮಾತಾಗಿದ್ದರೆ ಪತ್ರಿಕೆಯ ಇಷ್ಟು ಜಾಗ ಕೇಳುತ್ತಿರಲಿಲ್ಲ. ದೇಶಕ್ಕೆಲ್ಲ ಇದೇ ಅಚ್ಚು. ವಿಶ್ವವಿದ್ಯಾಲಯ ಧನಸಹಾಯ ಆಯೋಗ ೨೦೧೯ರಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳೆಲ್ಲರಿಗೂ ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಎಂಬ ಪಾಠವನ್ನು ಕಡ್ಡಾಯ ಮಾಡಿತು. ಆರು ಭಾಗ, ಮೂವತ್ತು ಗಂಟೆ, ಎರಡು ಕ್ರೆಡಿಟ್ಟು. ಒಳ್ಳೆಯದೇ ಎನ್ನೋಣ. ಆದರೆ ಆ ಆರು ಭಾಗಗಳ ಹೆಸರನ್ನು ಓದಿ ನೋಡಿದರೆ ಹೆಚ್ಚಿನದೆಲ್ಲ ಬರೆದದ್ದನ್ನು ಅಚ್ಚು ಹಾಕಿಸುವಾಗಿನ ನೀತಿ. ಯಾರ ಮೇಲೆ ಪ್ರಯೋಗ ನಡೆಯುತ್ತದೋ, ಯಾರ ಮೈಯ ರಕ್ತ, ಯಾರ ಮನೆಯ ಮಾತು ಸಂಶೋಧನೆಯ ಸರಕಾಗುತ್ತದೋ ಅಂಥವರ ಹೆಸರಿನ ಒಂದು ಭಾಗವೂ ಅಲ್ಲಿಲ್ಲ. ಬದಲಿಗೆ ಕೊನೆಯ ಭಾಗದಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್, ಎಚ್-ಇಂಡೆಕ್ಸ್ ಎಂಬ ಲೆಕ್ಕಗಳ ಪಾಠವಿದೆ. ಎಂದರೆ, ಎಷ್ಟು ಲೇಖನ ಅಚ್ಚಾಯಿತು, ಅದನ್ನು ಎಷ್ಟು ಮಂದಿ ಉಲ್ಲೇಖಿಸಿದರು ಎಂದು ವಿಜ್ಞಾನಿಯ ತೂಕ ನೋಡುವ ತಕ್ಕಡಿ. ಯಾವ ತಕ್ಕಡಿಯ ಆಸೆಗೆ ಜನ ಸುಳ್ಳು ಅಂಕಿ ಬರೆಯುತ್ತಾರೋ ಅದೇ ತಕ್ಕಡಿಯನ್ನು ನೀತಿಪಾಠದಲ್ಲಿ ಇಟ್ಟು ತೋರಿಸುವ ಜಾಣತನಕ್ಕೆ ಏನು ಹೇಳೋಣ!

ಇದೇ ಆಯೋಗ ೨೦೧೮ರಲ್ಲಿ ಕೃತಿಚೌರ್ಯದ ನಿಯಮ ಮಾಡಿತ್ತು. ನೂರಕ್ಕೆ ಹತ್ತರವರೆಗೆ ಬೇರೆಯವರ ಬರಹಕ್ಕೆ ಹೋಲಿಕೆ ಕಂಡರೆ ದಂಡವಿಲ್ಲ. ಹತ್ತರಿಂದ ನಲವತ್ತಾದರೆ ವಿದ್ಯಾರ್ಥಿ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ನಲವತ್ತರಿಂದ ಅರವತ್ತಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅರವತ್ತು ದಾಟಿದರೆ ನೋಂದಣಿಯೇ ರದ್ದು. ಯಂತ್ರ ಅಳೆದು ಕೊಡುವ ಲೆಕ್ಕ ಇದು. ಕದ್ದ ವಾಕ್ಯವನ್ನು ಯಂತ್ರ ಹಿಡಿದೀತು, ಹಿಡಿಯಲಿ. ಕೇಳದೆ ತೆಗೆದ ರಕ್ತವನ್ನು ಯಾವ ಯಂತ್ರ ಹಿಡಿಯುತ್ತದೆ?

ಈಗ ಮೂಲ ಪ್ರಶ್ನೆಗೆ ಬರೋಣ. ವಿಜ್ಞಾನಿಗಳಿಗೆ ನೀತಿ ಕಲಿಸಲು ಸಾಧ್ಯವೇ? ಸಾಧ್ಯವಾದರೆ ಯಾವ ಬಗೆಯ ಪಾಠದಿಂದ? ಮಹನೀಯರ ನಂಬಿಕೆ ಏನೆಂದರೆ, ತಪ್ಪು ಮಾಡುವವನು ತಿಳಿಯದೆ ಮಾಡುತ್ತಾನೆ, ತಿಳಿಸಿದರೆ ಸರಿಹೋಗುತ್ತಾನೆ. ಚರಿತ್ರೆ ಈ ನಂಬಿಕೆಯ ಬೆನ್ನಿಗೆ ನಿಲ್ಲುವುದಿಲ್ಲ.

ಮನುಷ್ಯರ ಮೇಲೆ ಪ್ರಯೋಗ ಮಾಡುವುದಕ್ಕೆ ಒಪ್ಪಿಗೆ ಬೇಕೇಬೇಕೆಂದು ಸರ್ಕಾರಿ ಸುತ್ತೋಲೆ ಹೊರಡಿಸಿದ ದೇಶಗಳಲ್ಲಿ ಜರ್ಮನಿ ಮುಂಚೂಣಿಯದು. ೧೯೩೧ರಲ್ಲಿ ಅಲ್ಲಿನ ಒಳಾಡಳಿತ ಮಂತ್ರಿ ಕಳಿಸಿದ ಆ ಸುತ್ತೋಲೆಯಲ್ಲಿ, ಬಡವರ ಕಷ್ಟವನ್ನು ದುರುಪಯೋಗ ಮಾಡಿಕೊಂಡು ಹೊಸ ಚಿಕಿತ್ಸೆ ಪ್ರಯೋಗಿಸುವುದು ವೈದ್ಯನೀತಿಗೆ ವಿರುದ್ಧ ಎಂದು ಸಹ ಹೇಳಿತ್ತು. ಎರಡು ವರ್ಷದಲ್ಲಿ ಹಿಟ್ಲರ್ ಬಂದ. ಹಿಟ್ಲರನ ಆಳ್ವಿಕೆಯಲ್ಲಿ ನೀತಿಪಾಠ ನಿಂತುಹೋಯಿತೆಂದು ನೀವು ಭಾವಿಸಿದ್ದರೆ ಅದು ತಪ್ಪು. ೧೯೩೯ರಿಂದ ವೈದ್ಯ ವಿದ್ಯಾರ್ಥಿಗಳಿಗೆ ವೃತ್ತಿನೀತಿಯ ಉಪನ್ಯಾಸ ಕಡ್ಡಾಯವಾಯಿತು! ಪಾಠ ಹೇಳುವವರು ಬಹುಪಾಲು ನಾಜಿ ಪಕ್ಷದ ಮಂದಿ. ಅವರು ಹೇಳಿಕೊಟ್ಟ ನೀತಿ ಏನು? ಎಲ್ಲರ ಜೀವಕ್ಕೂ ಒಂದೇ ಬೆಲೆಯಿಲ್ಲ ಎಂಬುದು. ಆಮೇಲೆ ಬಂದೀಖಾನೆಯ ಶಿಬಿರಗಳಲ್ಲಿ ನಡೆದುದನ್ನು ಜಗತ್ತು ಬಲ್ಲದು. ೧೯೪೭ರಲ್ಲಿ ನ್ಯೂರೆಂಬರ್ಗಿನ ಕಟಕಟೆಯಲ್ಲಿ ತೀರ್ಪು ಕೇಳಿದ ಇಪ್ಪತ್ತಮೂರು ಮಂದಿಯಲ್ಲಿ ಇಪ್ಪತ್ತು ಮಂದಿ ಡಾಕ್ಟರುಗಳು. ಪಾಠಕ್ಕೆ ಬಲವಿಲ್ಲ ಎಂದು ಇದರಿಂದ ಹೇಳುವಂತಿಲ್ಲ. ಯಾರು ಹೇಳಿಕೊಡುತ್ತಾರೆ, ಯಾರ ಪರವಾಗಿ ಹೇಳಿಕೊಡುತ್ತಾರೆ ಎಂಬುದರ ಮೇಲೆ ಆ ಬಲ ಯಾವ ಕಡೆ ತಿರುಗುತ್ತದೆ ಎಂಬುದು ನಿಂತಿದೆ.

'ಅದು ಹಿಟ್ಲರನ ಕಥೆ, ನಮಗೇಕೆ' ಎಂದೀರಾ? ಹಾಗಾದರೆ ಪ್ರಜಾಪ್ರಭುತ್ವದ ಹಿರಿಯಣ್ಣ ಅಮೆರಿಕಕ್ಕೆ ಹೋಗೋಣ. ಅಲಬಾಮದ ಟಸ್ಕೀಗಿಯಲ್ಲಿ ೧೯೩೨ರಿಂದ ೧೯೭೨ರವರೆಗೆ, ನಲವತ್ತು ವರ್ಷ, ಅಲ್ಲಿನ ಸರ್ಕಾರದ ಆರೋಗ್ಯ ಇಲಾಖೆ ಆರುನೂರು ಮಂದಿ ಕರಿಯ ಬಡವರನ್ನು ಗಮನಿಸುತ್ತ ಕುಳಿತಿತು. ಅವರಲ್ಲಿ ೩೯೯ ಮಂದಿಗೆ ಸಿಫಿಲಿಸ್ ರೋಗ. ಅವರಿಗೆ ರೋಗದ ಹೆಸರನ್ನು ಹೇಳಲಿಲ್ಲ. 'ಕೆಟ್ಟ ರಕ್ತ' ಎಂದು ಹೇಳಿ ಕಳಿಸಿದರು. ಬಿಸಿ ಊಟ, ಮೋಟಾರು ಸವಾರಿ, ಸತ್ತರೆ ಮಣ್ಣಿನ ಖರ್ಚು ಕೊಟ್ಟರು. ೧೯೪೦ರ ದಶಕದ ನಡುವಿಗೆ ಪೆನ್ಸಿಲಿನ್ ಬಂದು ರೋಗ ವಾಸಿಯಾಗುವ ಕಾಲ ಬಂದರೂ ಔಷಧಿ ಕೊಡಲಿಲ್ಲ. ಔಷಧಿ ಕೊಟ್ಟರೆ ಪ್ರಯೋಗ ಕೆಡುತ್ತದಲ್ಲ!

ಇದು ಕದ್ದು ಮುಚ್ಚಿ ನಡೆದದ್ದಲ್ಲ. ೧೯೩೬ರಿಂದಲೇ ವೈದ್ಯ ಪತ್ರಿಕೆಗಳಲ್ಲಿ ಇದರ ಲೇಖನಗಳು ಅಚ್ಚಾಗುತ್ತ ಬಂದವು. ಓದಿದ ಡಾಕ್ಟರುಗಳಿಗೆ ನೀತಿ ತಿಳಿಯದೇ? ೧೯೬೫ರಲ್ಲಿ ಅರ್ವಿನ್ ಶಾಟ್ಜ್ ಎಂಬ ಎಳೆಯ ಡಾಕ್ಟರೊಬ್ಬರು, ಇದು ಹೇಗೆ ಸರಿ ಎಂದು ಕಾಗದ ಬರೆದರು. ಅವರಿಗೆ ಉತ್ತರವೇ ಬರಲಿಲ್ಲ. ಕೊನೆಗೆ ಇದನ್ನು ಬಯಲಿಗೆಳೆದವನು ಪೀಟರ್ ಬಕ್ಸ್‌ಟನ್. ಅವನು ಡಾಕ್ಟರೂ ಅಲ್ಲ, ವಿಜ್ಞಾನಿಯೂ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೋಗಿಗಳನ್ನು ಮಾತಾಡಿಸಿ ವಿವರ ಬರೆದುಕೊಳ್ಳುವ ಸಣ್ಣ ನೌಕರ. ೧೯೬೬ರಲ್ಲಿ, ಮತ್ತೆ ೧೯೬೮ರಲ್ಲಿ ಮೇಲಿನವರಿಗೆ ದೂರು ಕೊಟ್ಟ. ೧೯೬೯ರಲ್ಲಿ ಪಂಡಿತರ ಸಮಿತಿ ಕುಳಿತು 'ಮುಂದುವರಿಯಲಿ' ಎಂದಿತು. ೧೯೭೨ರ ಜುಲೈನಲ್ಲಿ ಅವನು ಕೊಟ್ಟ ಕಾಗದಪತ್ರಗಳಿಂದ ವರ್ತಮಾನ ಪತ್ರಿಕೆಯವರು ಸುದ್ದಿ ಮಾಡಿದರು. ಆ ವರ್ಷ ಮುಗಿಯುವುದರೊಳಗೆ ಪ್ರಯೋಗ ನಿಂತಿತು. ಪಂಡಿತರ ಸಮಿತಿಗೆ ಕಾಣದ ನೀತಿ ಗುಮಾಸ್ತನಂಥವನಿಗೆ ಕಂಡಿತು. ಯಾಕೆ? ಅವನು ದಿನವೂ ರೋಗಿಗಳ ಮುಖ ನೋಡುತ್ತಿದ್ದ.

ಇನ್ನು ನಮ್ಮ ಮನೆಯ ಬಾಗಿಲಿಗೆ ಬರೋಣ. ೨೦೦೯ರ ಜುಲೈ ತಿಂಗಳಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಹತ್ತರಿಂದ ಹದಿನಾಲ್ಕು ವಯಸ್ಸಿನ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಹಾಕುವ ಅಧ್ಯಯನ ಶುರುವಾಯಿತು. ಗುಜರಾತಿನ ವಡೋದರದಲ್ಲೂ ಇಂಥದೇ ಇನ್ನೊಂದು. ನಡೆಸಿದವರು ಅಮೆರಿಕದ ಪಾತ್ ಎಂಬ ಸಂಸ್ಥೆ. ಜೊತೆಗೆ ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಜ್ಯ ಸರ್ಕಾರಗಳು. ಖಮ್ಮಂನಲ್ಲಿ ಸುಮಾರು ಹದಿನಾಲ್ಕು ಸಾವಿರ ಹುಡುಗಿಯರಿಗೆ ಚುಚ್ಚಿದರು. ಬಹಳ ಮಂದಿ ಗಿರಿಜನರ ಮಕ್ಕಳು, ಊರು ಬಿಟ್ಟು ಆಶ್ರಮಶಾಲೆಗಳ ಹಾಸ್ಟೆಲಿನಲ್ಲಿದ್ದವರು.

ಒಂದು ಮಾತು ಸ್ಪಷ್ಟ ಮಾಡಬೇಕು. ನಮಗೆ ಲಸಿಕೆಯ ಮೇಲೆ ಜಗಳವಿಲ್ಲ. ಆ ಲಸಿಕೆ ಜಗತ್ತಿನ ಅನೇಕ ದೇಶಗಳಲ್ಲಿ ಹೆಂಗಸರ ಪ್ರಾಣ ಉಳಿಸುತ್ತಿದೆ. ಎರಡೂ ಕಡೆ ಸೇರಿ ಏಳು ಹುಡುಗಿಯರು ತೀರಿಕೊಂಡಾಗ ಎದ್ದ ಕೂಗಿಗೆ, ಸಾವಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲವೆಂದು ಸರ್ಕಾರದ ವಿಚಾರಣಾ ಸಮಿತಿ ಹೇಳಿತು. ಇರಲಿ. ನಮ್ಮ ಪ್ರಶ್ನೆ ಬೇರೆ. ೨೦೧೦ರ ಏಪ್ರಿಲಿನಲ್ಲಿ ಅಧ್ಯಯನ ನಿಲ್ಲಿಸಿದ ಮೇಲೆ ಒಪ್ಪಿಗೆ ಪತ್ರಗಳನ್ನು ತೆಗೆದು ನೋಡಿದರು. ಆಂಧ್ರದಲ್ಲಿ ಪರಿಶೀಲಿಸಿದ ೯,೫೪೩ ಪತ್ರಗಳಲ್ಲಿ ೧,೯೪೮ರ ಮೇಲೆ ಬರೀ ಹೆಬ್ಬೆಟ್ಟು. ೨,೭೬೩ರ ಮೇಲೆ ಹಾಸ್ಟೆಲ್ ವಾರ್ಡನ್ನುಗಳ ಸಹಿ! ತಾಯಿತಂದೆಯರ ಪರವಾಗಿ ಹೆಡ್‌ಮಾಸ್ತರರು ಸಹಿ ಹಾಕಬಹುದೆಂದು ರಾಜ್ಯ ಸರ್ಕಾರವೇ ದಾರಿ ಮಾಡಿಕೊಟ್ಟಿತ್ತು. ೨೦೧೩ರ ಆಗಸ್ಟಿನಲ್ಲಿ ಪಾರ್ಲಿಮೆಂಟಿನ ಸ್ಥಾಯೀ ಸಮಿತಿ ತನ್ನ ೭೨ನೆಯ ವರದಿಯಲ್ಲಿ ಎಲ್ಲರಿಗೂ ಛೀಮಾರಿ ಹಾಕಿತು; ವೈದ್ಯಕೀಯ ಸಂಶೋಧನಾ ಮಂಡಳಿಯನ್ನೂ ಬಿಡಲಿಲ್ಲ.

ಈ ಮಂಡಳಿ ಯಾರು? ಮನುಷ್ಯರ ಮೇಲಿನ ಸಂಶೋಧನೆಗೆ ನೀತಿಸೂತ್ರ ಬರೆದವರೇ ಇವರು. ೧೯೮೦ರಲ್ಲಿ ಬರೆದರು, ೨೦೦೦ದಲ್ಲಿ ಬರೆದರು, ೨೦೦೬ರಲ್ಲಿ ಇನ್ನಷ್ಟು ವಿಸ್ತಾರವಾಗಿ ಬರೆದರು. ಮೂರೇ ವರ್ಷಕ್ಕೆ ಖಮ್ಮಂ. ಇವರಿಗೆ ಯಾವ ತರಬೇತಿಯ ಕೊರತೆಯಿತ್ತು? ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಎಂದು ನಮ್ಮ ಹಳ್ಳಿಯವರು ಸುಮ್ಮನೆ ಹೇಳಿಲ್ಲ.

ವಾರ್ಡನ್ನುಗಳ ಸಹಿ ಎಂದು ಓದಿದಾಗ ನನಗೆ ಬೇರೆಯವರ ಮೇಲೆ ಸಿಟ್ಟು ಬರುವುದಕ್ಕೆ ಮೊದಲು ನನ್ನ ಕೈ ನೆನಪಾಯಿತು. ಪಕ್ಷದ ಕೆಲಸಕ್ಕೆ ಬರುವ ಮೊದಲು ನಾನು ಮೇಷ್ಟ್ರಾಗಿದ್ದೆ, ಮಕ್ಕಳ ಹಾಸ್ಟೆಲಿನ ಮೇಲ್ವಿಚಾರಣೆಯೂ ನನ್ನ ಕೊರಳಿಗೆ ಬಿದ್ದಿತ್ತು. ಒಂದು ದಿನ ಎರಡು ಜೀಪಿನಲ್ಲಿ ಸಂಶೋಧಕರ ತಂಡವೊಂದು ಬಂತು. ಯಾರು, ಎಲ್ಲಿಯವರು ಎಂಬುದು ಇಲ್ಲಿ ಬೇಡ. ಮಕ್ಕಳ ರಕ್ತ ತೆಗೆದು ರಕ್ತಹೀನತೆ ನೋಡುತ್ತಾರಂತೆ. ಫಾರಂಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು. 'ಪಾಲಕರು' ಎಂದಿದ್ದ ಕಡೆ ಸಹಿ ಹಾಕಿ ಎಂದರು. ಹೆಡ್‌ಮಾಸ್ತರರು ತಲೆಯಾಡಿಸಿದರು. ನಾಲ್ವತ್ತೊಂದು ಫಾರಂಗಳಿಗೆ ನಾನು ಸಹಿ ಹಾಕಿದೆ. ಒಂದನ್ನಾದರೂ ಪೂರ್ತಿ ಓದಲಿಲ್ಲ. ಬಂದವರೆಲ್ಲ ವಿದ್ಯಾವಂತರು, ಮೃದುವಾಗಿ ಮಾತಾಡುವವರು. ನೀತಿಯ ಸರ್ಟಿಫಿಕೇಟು ಕೇಳಿದ್ದರೆ ಖಂಡಿತ ತೋರಿಸುತ್ತಿದ್ದರು. 'ಯಾಕೆ ಮೇಷ್ಟ್ರೇ ರಕ್ತ ತಗೀತಾರೆ?' ಎಂದು ಐದನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು. 'ಸರ್ಕಾರದಿಂದ ಬಂದದ್ದು, ಸುಮ್ಮನೆ ಕೈ ಕೊಡಮ್ಮ' ಎಂದೆ.

ಮರುವಾರದ ಸಂತೆಯಲ್ಲಿ ಅವಳ ತಾಯಿ ನನ್ನನ್ನು ನಿಲ್ಲಿಸಿದಳು.

'ಏನ್ ಮೇಷ್ಟ್ರೇ, ನಮ್ ಹುಡುಗೀದು ರಕ್ತ ತಗದ್ರಂತೆ. ಏನಾರ ಕಾಯಿಲೆ ಐತಾ?'

'ಇಲ್ಲಮ್ಮ, ಪರೀಕ್ಷೆಗೆ ಅಂತ.'

'ಪರೀಕ್ಷೆ ಆತಲ್ಲ. ಪಾಸೋ ಫೇಲೋ ಯಾರು ಹೇಳ್ತಾರೆ?'

ಯಾರೂ ಹೇಳಲಿಲ್ಲ. ಫಲಿತಾಂಶ ನಮ್ಮ ಶಾಲೆಗೆ ಬರಲೇ ಇಲ್ಲ. ಯಾವುದೋ ಪತ್ರಿಕೆಯಲ್ಲಿ ಲೇಖನವಾಗಿ ಯಾರದೋ ಎಚ್-ಇಂಡೆಕ್ಸಿಗೆ ಒಂದು ಅಂಕಿ ಸೇರಿರಬಹುದು. ಮೂವತ್ತು ಗಂಟೆಯ ಪಾಠ ಮಾಡಬಲ್ಲ ಯಾವ ಪ್ರೊಫೆಸರೂ ನನಗೆ ಕಲಿಸಲಾಗದ್ದನ್ನು ಆ ತಾಯಿ ಸಂತೆಯಲ್ಲಿ, ತರಕಾರಿ ಚೀಲ ಕೆಳಗಿಡದೆ, ನಿಂತ ನಿಲುವಿನಲ್ಲಿ ಕಲಿಸಿದಳು.

ಹಾಗಾದರೆ ತರಬೇತಿಯೇ ಬೇಡವೋ ಎಂದು ಶಿಬಿರ ನಡೆಸಿದ ಉಪನ್ಯಾಸಕರೊಬ್ಬರು ನನ್ನನ್ನು ಕೇಳಿದರು. ಸಭ್ಯರು, ಪ್ರಾಮಾಣಿಕರು. ಬೇಡವೆಂದು ನಾನು ಹೇಳುವುದಿಲ್ಲ. ಯಾವುದು ನಾಟುತ್ತದೆ, ಯಾವುದು ನಾಟುವುದಿಲ್ಲ ಎಂದು ಇದೇ ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. ಅದನ್ನಾದರೂ ಓದಬೇಡವೇ ಎಂಬುದು ನನ್ನ ಮಾತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ೧೯೮೯ರಲ್ಲೇ ತನ್ನ ಹಣದಿಂದ ತರಬೇತಿ ಪಡೆಯುವ ಎಳೆಯ ವಿಜ್ಞಾನಿಗಳಿಗೆ ನೀತಿಪಾಠ ಕಡ್ಡಾಯ ಮಾಡಿತು. ಇಪ್ಪತ್ತು ವರ್ಷದ ಅನುಭವದ ಮೇಲೆ ೨೦೦೯ರಲ್ಲಿ ಏನು ಹೇಳಿತು? ಕಂಪ್ಯೂಟರಿನ ಮುಂದೆ ಕೂತು ಗುಂಡಿ ಒತ್ತುವ ಪಾಠವೊಂದೇ ಸಾಲದು. ಮುಖಾಮುಖಿ ಕೂತು ಕನಿಷ್ಠ ಎಂಟು ಗಂಟೆ ಚರ್ಚೆ ನಡೆಯಬೇಕು. ಪಾಠ ಹೇಳುವುದರಲ್ಲಿ ಆ ವಿದ್ಯಾರ್ಥಿಗಳ ಹಿರಿಯ ವಿಜ್ಞಾನಿಗಳೇ ಪಾಲುಗೊಳ್ಳಬೇಕು. ಒಮ್ಮೆ ಮುಗಿಸಿ ಕೈತೊಳೆಯುವಂತಿಲ್ಲ, ವೃತ್ತಿಯ ಒಂದೊಂದು ಘಟ್ಟದಲ್ಲೂ ಮತ್ತೆ ಆಗಬೇಕು. ಪಾಠಗಳ ಫಲವನ್ನು ತೂಗಿ ನೋಡಿದ ಪರಿಶೀಲನೆಗಳೂ ಇದೇ ದಾರಿಯಲ್ಲಿವೆ: ವ್ಯಾಖ್ಯೆ ಬಾಯಿಪಾಠ ಮಾಡಿಸಿದರೆ ಅಷ್ಟಕ್ಕಷ್ಟೆ, ನಿಜವಾಗಿ ನಡೆದ ಪ್ರಕರಣವನ್ನು ಮುಂದಿಟ್ಟು 'ನೀನಾಗಿದ್ದರೆ ಏನು ಮಾಡುತ್ತಿದ್ದೆ, ಯಾರಿಗೆ ಏನಾಗುತ್ತಿತ್ತು' ಎಂದು ತಲೆ ಕೆಡಿಸಿಕೊಳ್ಳುವಂತೆ ಮಾಡಿದರೆ ಮೇಲು.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಅದನ್ನು ನಮ್ಮ ಶಿಬಿರಗಳಲ್ಲಿ ಯಾರೂ ಎತ್ತುವುದಿಲ್ಲ. ೨೦೦೫ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಮಾರ್ಟಿನ್‌ಸನ್ ಮತ್ತು ಅವರ ಜೊತೆಗಾರರು ಅಮೆರಿಕದ ಮೂರು ಸಾವಿರಕ್ಕೂ ಮಿಕ್ಕಿದ ವಿಜ್ಞಾನಿಗಳಿಗೆ, ಹೆಸರು ಹೇಳಬೇಕಿಲ್ಲ, ನಿಜ ಹೇಳಿ ಎಂದು ಕೇಳಿದರು. ಮೂರು ವರ್ಷದೊಳಗೆ ಹತ್ತು ದೊಡ್ಡ ತಪ್ಪುಗಳಲ್ಲಿ ಒಂದನ್ನಾದರೂ ಮಾಡಿದ್ದೇವೆಂದು ಮೂರರಲ್ಲಿ ಒಬ್ಬರು ಒಪ್ಪಿಕೊಂಡರು. ಯಾಕೆ ಮಾಡುತ್ತಾರೆ ಎಂದು ಮುಂದಿನ ವರ್ಷ ನೋಡಿದಾಗ, ತಮ್ಮ ಸಂಸ್ಥೆಯಲ್ಲಿ ನ್ಯಾಯವಿಲ್ಲ, ಹಂಚಿಕೆಯಲ್ಲಿ ಮೋಸವಿದೆ ಎಂದು ಭಾವಿಸಿದವರಲ್ಲಿ ತಪ್ಪು ಹೆಚ್ಚು ಕಂಡಿತು. ೨೦೦೭ರಲ್ಲಿ ಅದೇ ತಂಡದವರು ಗುರುಗಳ ಪ್ರಭಾವ ನೋಡಿದರು. ಗುರು ನೀತಿಯ ಮಾತಾಡಿದ ಕಡೆ ಶಿಷ್ಯರ ತಪ್ಪು ಕಡಿಮೆ. ಗುರು ಹಣ ಹೇಗೆ ತರಬೇಕು, ಈ ಲೋಕದಲ್ಲಿ ಹೇಗೆ ಬದುಕಿ ಉಳಿಯಬೇಕು ಎಂಬ ಉಪಾಯ ಹೇಳಿಕೊಟ್ಟ ಕಡೆ ತಪ್ಪು ಹೆಚ್ಚು! ಹುಡುಗರು ಕಲಿಯುವುದು ಪರದೆಯಿಂದಲ್ಲ, ಉಪ್ಪಿಟ್ಟು ತಿಂದು ಹೋದವರಿಂದ.

ನಮ್ಮಲ್ಲಿ ಶಿಷ್ಯನ ಗತಿ ಏನೆಂದು ಬಲ್ಲವರು ಬಲ್ಲರು. ಫೆಲೋಶಿಪ್ಪಿನ ಕಾಗದಕ್ಕೆ ಗೈಡಿನ ಸಹಿ ಬೇಕು. ಪ್ರಬಂಧ ಸಲ್ಲಿಸಲು ಗೈಡಿನ ಸಹಿ ಬೇಕು. ನಾಳೆ ನೌಕರಿಗೆ ಗೈಡಿನ ಶಿಫಾರಸು ಬೇಕು. ಕೆಲವರಿಗೆ ಮನೆಯ ತರಕಾರಿ ತರುವ ಸೇವೆಯೂ ಉಂಟು. ಅಂಥ ಹುಡುಗ, 'ಸಾರ್, ಈ ಅಂಕಿ ಸರಿಯಿಲ್ಲ' ಎಂದು ಯಾವ ಬಾಯಲ್ಲಿ ಹೇಳಬೇಕು? ಹೇಳಿದವನನ್ನು ಕಾಪಾಡುವವರು ಯಾರು? ಸರ್ಕಾರಿ ಕಚೇರಿಗಳ ಭ್ರಷ್ಟತೆ ಬಯಲು ಮಾಡುವವರ ರಕ್ಷಣೆಗೆಂದು ೨೦೧೪ರಲ್ಲಿ ಒಂದು ಕಾನೂನಿಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಹತ್ತು ವರ್ಷ ಕಳೆದರೂ ಅದನ್ನು ಜಾರಿಗೆ ತರುವ ಕೃಪೆಯನ್ನು ಸರ್ಕಾರ ಮಾಡಲಿಲ್ಲ. ಸಂಬಳದ ನೌಕರನಿಗೇ ಆಸರೆಯಿಲ್ಲ. ಇನ್ನು ಬರುವುದೋ ಬಾರದೋ ಎಂಬ ಫೆಲೋಶಿಪ್ಪಿನಲ್ಲಿ ಬದುಕುವ ಬಡವರ ಮಕ್ಕಳಿಗೆ ಯಾರು ದಿಕ್ಕು? ಬಾಯಿ ಕಟ್ಟಿ ಕೂರಿಸಿದವನಿಗೆ ಸತ್ಯವೇ ಜಯಿಸುತ್ತದೆಂದು ಮೂವತ್ತು ಗಂಟೆ ಉಪದೇಶ ಮಾಡುವುದು ಬೂಟಾಟಿಕೆಯಲ್ಲದೆ ಇನ್ನೇನು?

ಆದ್ದರಿಂದ ನಮ್ಮ ವಿಶ್ವವಿದ್ಯಾಲಯದ ಕುಲಪತಿಗಳನ್ನು ನಾವು ಬಹಿರಂಗವಾಗಿ ಕೇಳುತ್ತೇವೆ. ಮುಂದಿನ ಶಿಬಿರದಲ್ಲಿ ಗೈಡುಗಳು ಎರಡೂ ದಿನ ಕೂರುತ್ತಾರೆಯೇ, ಹುಡುಗರ ಜೊತೆಯಲ್ಲೇ, ಅದೇ ಬೆಂಚಿನಲ್ಲಿ? ಕೂತವರ ಹಾಜರಿಯನ್ನು ಅವರ ಬಡ್ತಿಯ ಕಡತಕ್ಕೆ ಸೇರಿಸುತ್ತೀರಾ? ಗೈಡಿನ ತಪ್ಪನ್ನು ದೂರಿದ ವಿದ್ಯಾರ್ಥಿಗೆ ಬೇರೆ ಗೈಡನ್ನು ಕೊಟ್ಟು, ಫೆಲೋಶಿಪ್ಪು ಒಂದು ತಿಂಗಳೂ ನಿಲ್ಲದಂತೆ ನೋಡಿಕೊಳ್ಳುವ ನಿಯಮ ನಿಮ್ಮಲ್ಲಿ ಉಂಟೇ? ಇಲ್ಲದಿದ್ದರೆ ಎಂದು ಮಾಡುತ್ತೀರಿ? ಈ ಜಿಲ್ಲೆಯ ಹಳ್ಳಿಗಳಿಂದ ರಕ್ತ, ಉಗುಳು, ಬೀಜ, ಮಣ್ಣು, ಮನೆಮದ್ದಿನ ಗುಟ್ಟು ಎಲ್ಲವನ್ನೂ ಹೊತ್ತೊಯ್ದ ಪ್ರಬಂಧಗಳಲ್ಲಿ ಎಷ್ಟರ ಫಲಿತಾಂಶವನ್ನು ಆ ಹಳ್ಳಿಯವರಿಗೆ ಅವರ ಮಾತಿನಲ್ಲಿ ಹೇಳಿದ್ದೀರಿ? ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಿಂದ ಎತ್ತಿ ಕಬ್ಬಿಣದ ಕಡಲೆಯ ಕನ್ನಡಕ್ಕೆ ತಂದರೆ ಸಾಲದು. ಅದನ್ನು ಓದಿ ಹೇಳಿದ ಮೇಲೆ, 'ಬೇಡ' ಎನ್ನಲು ಆ ಮನುಷ್ಯನಿಗೆ ನಿಜವಾಗಿ ಅವಕಾಶವಿತ್ತೇ ಎಂದು ಕೇಳುವುದನ್ನು ಹುಡುಗರಿಗೆ ಕಲಿಸಿ. ಮೇಷ್ಟ್ರು, ವಾರ್ಡನ್, ಗೌಡರು, ಆಸ್ಪತ್ರೆಯ ನರ್ಸು ಪಕ್ಕದಲ್ಲಿ ನಿಂತಿರುವಾಗ ನಮ್ಮ ಜನ 'ಬೇಡ' ಎನ್ನುವುದಿಲ್ಲ. ನಾಲ್ವತ್ತೊಂದು ಸಹಿ ಹಾಕಿದವನು ನಾನು, ನನಗೆ ಗೊತ್ತು.

ಶಿಬಿರದ ಕೊನೆಯಲ್ಲಿ ಪ್ರಶ್ನೆ ಕೇಳಲು ಅವಕಾಶ ಕೊಟ್ಟರು. ಸಂಶೋಧನೆಗೆ ಒಳಗಾದ ಹಳ್ಳಿಯವರನ್ನು ಒಂದು ದಿನ ಕರೆಸಿ ಹುಡುಗರ ಮುಂದೆ ಮಾತಾಡಿಸಬಾರದೇ ಎಂದು ಎದ್ದುನಿಂತು ಕೇಳಿದೆ. ಹುಡುಗರು ತಿರುಗಿ ನೋಡಿದರು. ವೇದಿಕೆಯ ಮೇಲಿನವರು ತಮ್ಮ ತಮ್ಮಲ್ಲಿ ಮಾತಾಡಿಕೊಂಡು, ಸಂಪನ್ಮೂಲ ವ್ಯಕ್ತಿಗಳಿಗೆ ಸ್ನಾತಕೋತ್ತರ ಪದವಿ ಇರಬೇಕು, ಇಲ್ಲದಿದ್ದರೆ ಪ್ರಯಾಣಭತ್ಯೆ ಕೊಡಲು ಅವಕಾಶವಿಲ್ಲ ಎಂದರು.

ಮುಂದಿನ ಶಿಬಿರ ಮಳೆಗಾಲ ಕಳೆದ ಮೇಲೆ ಎಂದು ತಿಳಿದುಬಂದಿದೆ. ಆ ತಾಯಿಯನ್ನು ಕಳೆದ ವಾರ ಹೋಗಿ ಕಂಡು ಬಂದೆ. ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. 'ಕರೆದ್ರೆ ಬರ್ತೀನಿ, ಅವತ್ತು ಕೇಳಿದ್ದನ್ನೇ ಮತ್ತೆ ಕೇಳ್ತೀನಿ' ಎಂದಿದ್ದಾಳೆ. ಬಸ್ ಚಾರ್ಜನ್ನು ನಮ್ಮ ತಾಲ್ಲೂಕು ಸಮಿತಿ ಭರಿಸುತ್ತದೆ. ಒಂದು ಕುರ್ಚಿ ಹಾಕಿಸುವುದಷ್ಟೇ ಕಾಲೇಜಿನವರ ಪಾಲಿಗೆ.